ತೊಂಬತ್ತಾರು

ಗ್ರಿಮ್ಸ್‌ಬಿ ಆಸ್ಪತ್ರೆ, ಆರನೇ ವಾರ್ಡು, ರಾತ್ರಿ ಪಾಳಿ.
ಕಿಟಕಿಯಾಚೆ ಬಂದರಿನ ನಾಲ್ಕು ದೀಪ,
ಈಚೆ ಹದಿನಾಲ್ಕು ಮಂಚ, ಹದಿನಾಲ್ಕು ಬಗೆಯ ಕೆಮ್ಮು.
ನನ್ನ ಎದೆಯ ಬಿಲ್ಲೆಯಲ್ಲಿ ನ್ಯಾರಾದ್ಜೊ ಎಂದಿದೆ.
ನಮ್ಮ ಶೋನಾದಲ್ಲಿ ಸಾಂತ್ವನ ಅಂತ ಅರ್ಥ.
ನಾಲಗೆ ಹೊರಳಿದವರು ನ್ಯಾರಾ ಅನ್ನುತ್ತಾರೆ,
ಹೊರಳದವರು ಏಯ್.

ಮೂರನೇ ಮಂಚದ ವಿಲ್ಫ್ ಆಗ್ಡನ್
ಏಯ್ ಕೂಡ ಅನ್ನುವುದಿಲ್ಲ.
ಗಂಟೆ ಒತ್ತುತ್ತಾನೆ; ಹೋಗಿ ನಿಂತರೆ
ನನ್ನ ಭುಜದಾಚೆ ನೋಡುತ್ತಾನೆ,
ನಿಜವಾದ ನರ್ಸು ಹಿಂದೆ ಬರುತ್ತಿರುವ ಹಾಗೆ.
"ಮುಟ್ಟಬೇಡ. ಮೊದಲು ಕೈ ತೊಳಿ."
ತೊಳೆದಿದ್ದೇನೆ.
"ನನ್ನ ಕಣ್ಣೆದುರು ತೊಳಿ."

ಹದಿನೆಂಟು ವರ್ಷ ಐಸ್‌ಲ್ಯಾಂಡಿನ ಕಡಲಲ್ಲಿ
ಬಲೆ ಎಳೆದ ಕೈ ಅವನದು.
ಎರಡು ಬೆರಳು ಹಗ್ಗಕ್ಕೆ ಹೋಗಿವೆ;
ಉಳಿದ ಮೂರರಲ್ಲಿ ಹೊದಿಕೆಯನ್ನು ಗಲ್ಲದವರೆಗೆ ಹಿಡಿದು
ನಾನು ಉಜ್ಜುವುದನ್ನು ಎಣಿಸುತ್ತಾನೆ.
ಉಜ್ಜಿದರೆ ಹೋಗುವಂಥದ್ದೆಲ್ಲ
ಯಾವತ್ತೋ ಹೋಗಿದೆ, ಯಜಮಾನ.
ಉಳಿದದ್ದು ನಾನು.

ನಾಲ್ಕನೇ ಮಂಚಕ್ಕೆ ಸಂಜೆ ಬಂದವನು ಹಬ್ತೋಮ್,
ಎರಿಟ್ರಿಯಾದವನು, ಮೀನಿನ ಕಾರ್ಖಾನೆಯಲ್ಲಿ ಕೆಲಸ.
ಎಷ್ಟು ತೊಳೆದರೂ ಉಗುರಿನಲ್ಲಿ ಮೀನಿನ ವಾಸನೆ.
ಬೆರಳಿಗೆ ಚಿಮಟಿ ಹಾಕಿದೆವು, ಕೆಂಪು ಬೆಳಕಿನದು.
ತೊಂಬತ್ತಾರು, ಅಂದಿತು ಅದು.
ಎದೆಯೋ, ಹಳೆಯ ತಿದಿಯ ಹಾಗೆ.
ತುಟಿ ಮಗುಚಿ ನೋಡಿದೆ: ಒಳಗೆಲ್ಲ ಬೂದಿ.

ಒಂದು ಹತ್ತಕ್ಕೆ ಡಾಕ್ಟರಿಗೆ ಫೋನು ಮಾಡಿದೆ.
ಎರಡು ಐದಕ್ಕೆ ಮತ್ತೆ.
ಒಳ್ಳೆಯ ಹುಡುಗ ಫೇರ್‌ಕ್ಲಫ್,
ಪಾಳಿಯವರಿಗೆಲ್ಲ ತಾನೇ ಟೀ ಮಾಡಿಕೊಡುತ್ತಾನೆ.
"ತೊಂಬತ್ತಾರು ಇದೆಯಲ್ಲ. ಗಾಬರಿ ಇರಬೇಕು.
ಇಂಥವರು ಸ್ವಲ್ಪ ಗಾಬರಿ ಜಾಸ್ತಿ."
ಆಮೇಲೆ ಫೋನು ಒಂದು ಗಳಿಗೆ ಸುಮ್ಮನಾಯಿತು.
ಯಾರೊಡನೆ ಮಾತಾಡುತ್ತಿದ್ದೇನೆಂದು ನೆನಪಾಗಿರಬೇಕು.
"ಬೆಳಿಗ್ಗೆ ನೋಡೋಣ," ಅಂದ, ಇನ್ನಷ್ಟು ಮೆತ್ತಗೆ.

ಆ ಚಿಮಟಿಗೆ ಅಕ್ಷರಾಭ್ಯಾಸವಾದದ್ದು
ಬೆಳ್ಳನೆ ಬೆರಳುಗಳ ಮೇಲೆ.
ನಮ್ಮ ಬೆರಳು ಸಿಕ್ಕಾಗ ಅದು ಓದುವುದಿಲ್ಲ,
ಊಹಿಸುತ್ತದೆ.
ತಪ್ಪಾದರೂ ಕಣ್ಣು ಮಿಟುಕಿಸುವುದಿಲ್ಲ.

ಮೂರು ಹೊಡೆಯಿತು. ವಿಲ್ಫ್ ಎದ್ದು ಕೂತ.
"ಆ ಸದ್ದು," ಅಂದ.
ಯಾವ ಸದ್ದು?
"ಪಕ್ಕದವನದು. ಮುಳುಗುತ್ತಿದ್ದಾನೆ ಅವನು."
ಹಿಂದೊಮ್ಮೆ ಕಡಲಿಗೆ ಬಿದ್ದ ಹುಡುಗನೊಬ್ಬನನ್ನು
ಡೆಕ್ಕಿನ ಮೇಲೆ ಎಳೆದು ಹಾಕಿದ್ದರಂತೆ,
ನೀರಿನಿಂದ ತೆಗೆದ ಮೇಲೂ ಮುಳುಗುತ್ತಲೇ ಇದ್ದನಂತೆ,
ಒಳಗೊಳಗೇ, ಬೆಳಗಿನ ತನಕ.
ಇಷ್ಟನ್ನೂ ನನಗಲ್ಲ, ಗೋಡೆಗೆ ಹೇಳಿದ.
ಆಮೇಲೆ ಗಂಟೆ ಒತ್ತಿ ಹಿಡಿದು ಕೂಗಿದ ಕೂಗು
ಬಿರುಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೂಗುವಂಥದ್ದು.

ನಾಲ್ಕು ನಿಮಿಷಕ್ಕೆ ಓಡಿ ಬಂದ ಡಾಕ್ಟರು.
ಮಣಿಕಟ್ಟಿನಿಂದ ರಕ್ತ ತೆಗೆದರೆ ಕಪ್ಪಗಿತ್ತು.
ಎಂಬತ್ತೊಂದು.
ಮಂಚದ ಗಾಲಿಗಳು ಕಿರುಗುಟ್ಟುತ್ತ ಹೋದವು.
ಫೇರ್‌ಕ್ಲಫ್ ಮುದುಕನ ಭುಜ ತಟ್ಟಿದ: ಕಿವಿ ಚುರುಕು ನಿಮ್ಮದು.
ಕಡತದಲ್ಲಿ ಬರೆದ:
ಪಕ್ಕದ ರೋಗಿ ಗಮನಕ್ಕೆ ತಂದರು.
ಅದರ ಮೇಲಿನ ಎರಡು ಸಾಲು
ನನ್ನ ಅಕ್ಷರದಲ್ಲಿದ್ದವು, ಗಂಟೆ ನಿಮಿಷ ಸಮೇತ.
ಅವನು ಓದಿದ. ಕಿವಿ ಕೆಂಪಾದವು.
ತಿದ್ದಲಿಲ್ಲ.

ಬೆಳಿಗ್ಗೆ ಆರಕ್ಕೆ ವಿಲ್ಫ್ ಕೇಳಿದ, ಇದ್ದಾನಾ?
ಇದ್ದಾನೆ.
ಯಾರವನು?
ನೀವು ತಿನ್ನುವ ಮೀನು ಹೆಚ್ಚುವವನು.
ತುಂಬ ಹೊತ್ತು ಛಾವಣಿ ನೋಡಿದ.
ತೋಳು ಚಾಚಿದ, ತಟ್ಟನೆ ಹಿಂದೆಗೆದ.
"ಕೈ," ಅಂದ.

ತೊಟ್ಟಿಗೆ ಹೋಗಿ ನಲ್ಲಿ ತಿರುವಿದೆ.
ಈ ಸಲ ಅವನು ಎಣಿಸಲಿಲ್ಲ,
ಎಣಿಸಿದನೋ ಏನೋ,
ನೀರಿನ ಸದ್ದಿಗೆ ನನಗೆ ಕೇಳಲಿಲ್ಲ.
ಮೂರರಲ್ಲೊಂದು ಬೆರಳಿಗೆ ಚಿಮಟಿ ಹಾಕಿದೆ.
ಎಂಬತ್ತೇಳು.
ಅವನ ವಿಷಯದಲ್ಲಿ ಅದು ಸುಳ್ಳು ಹೇಳುವುದು ಕಡಿಮೆ.
ಆಮ್ಲಜನಕದ ತಿರುಪನ್ನು
ಒಂದು ಸುತ್ತು ಹೆಚ್ಚಿಸಿದೆ.