ಷರಾ

ಇಪ್ಪತ್ತಾರು ವರ್ಷ ಅಕ್ಕಿ ಚೀಲ ಎಣಿಸಿದವಳು ನಾನು,
ಸಾಗರ ರಸ್ತೆಯ ಸರ್ಕಾರಿ ಗೋದಾಮಿನಲ್ಲಿ.
ಐವತ್ತು ಕಿಲೋದ ಚೀಲ ನಲವತ್ತೆಂಟಿದ್ದರೆ
ಹಮಾಲಿ ತಿಪ್ಪೇಶಿಯ ಹೆಗಲು ನೋಡಿಯೇ ಹೇಳುತ್ತಿದ್ದೆ.
ನನ್ನ ತೂಕ ಕೇಳಿದರೆ ಮಾತ್ರ
ರಿಜಿಸ್ಟರ್ ಮಡಚಿ ಎದ್ದುಬಿಡುತ್ತಿದ್ದೆ.

ಆಸ್ಪತ್ರೆಯ ಚೀಟಿಯಲ್ಲಿ ಒಂಬತ್ತು ಪಾಯಿಂಟ್ ಒಂದು.
ಮೂರು ತಿಂಗಳ ಸಕ್ಕರೆಯ ಲೆಕ್ಕವಂತೆ.
"ಹೊಟ್ಟೆಯ ಕೊಬ್ಬು ಸುಮ್ಮನೆ ಕೂತ ಮುದ್ದೆಯಲ್ಲ ಹಾಲಮ್ಮ,"
ಅಂದಳು ನರ್ಸ್ ಫಿಲೋಮಿನಾ, ತೋಳಿಗೆ ಹತ್ತಿ ಒತ್ತುತ್ತ,
"ಅದಕ್ಕೂ ಬಾಯಿದೆ. ತುಂಬಿ ಉಸಿರುಕಟ್ಟಿದರೆ
ದಿನವಿಡೀ ರಕ್ತಕ್ಕೆ ದೂರು ಬರೆಯುತ್ತೆ."

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.
ಎಂಟನೇ ನಂಬರ್ ಶೆಡ್ಡು ಕಣ್ಣಿಗೆ ಬಂತು:
ಆ ವರ್ಷ ಲಾರಿ ಮೇಲೆ ಲಾರಿ ಬಂದು
ನಡುವಿನ ಓಣಿಗೂ ಚೀಲ ಒಟ್ಟಿದ್ದೆವು.
ಗಾಳಿಯಾಡದ ಅಟ್ಟಿ ಒಳಗೊಳಗೇ ಬೆವರಿ,
ಕೈ ತೂರಿಸಿದರೆ ಜ್ವರದ ಮಗುವಿನ ಹೊಟ್ಟೆಯ ಹಾಗೆ ಬಿಸಿ.
ಹುಳ ಬಂತು. ಹುಳಕ್ಕೆ ಔಷಧಿ, ಔಷಧಿಗೆ ಬಿಲ್ಲು.
ಹೊರಗೆ ಇನ್ನೊಂದು ಲಾರಿ ಹಾರನ್ ಹೊಡೆಯುತ್ತಲೇ ಇತ್ತು,
ಇಳಿಸಿಕೊಳ್ಳುವವರಿಲ್ಲ.
ಹೀಗೇ ನಿಂತಿರಬೇಕು ನನ್ನ ನೆತ್ತರಲ್ಲಿ ಸಕ್ಕರೆ.

ನಡೀರಿ ಅಂದರು. ನಡೆದೆ.
ಬೆಳಗಿನ ಐದೂವರೆಗೆ ನೆಹರೂ ಸ್ಟೇಡಿಯಮ್ಮಿನ ಸುತ್ತು,
ಸೀರೆಯ ಕೆಳಗೆ ತಮ್ಮನ ಹಳೇ ಕ್ಯಾನ್ವಾಸ್ ಶೂ.
ಮೊದಲ ವಾರ ತೊಡೆಗೆ ತೊಡೆ ಉಜ್ಜಿ ಉರಿದು
ಕೊಬ್ಬರಿ ಎಣ್ಣೆ ಸವರಿಕೊಂಡು ಬಚ್ಚಲಲ್ಲಿ ಅತ್ತೆ.
"ಆಂಟಿ, ಸೈಡು" ಎಂದು ಓಡಿದ ಹುಡುಗರಿಗೇನು ಗೊತ್ತು,
ಹದಿನಾರು ಚಕ್ರದ ಲಾರಿಯನ್ನು
ಒಂದು ಬೆರಳಲ್ಲಿ ನಿಲ್ಲಿಸಿದವಳು ಇವಳೆಂದು.

ಡ್ಯೂಟಿಗೆ ಮುಂಚೆ ಫಿಲೋಮಿನಾ ಎರಡು ಸುತ್ತು ಜೊತೆಯಾಗುತ್ತಾಳೆ.
"ದುಡಿಯುವ ಸ್ನಾಯು ಬೀಗದ ಕೈಗೆ ಕಾಯೋದಿಲ್ಲ,
ಹಿಂಬಾಗಿಲು ತಾನೇ ತೆಗೆದು ಸಕ್ಕರೆ ಎಳೆದುಕೊಳ್ಳುತ್ತೆ.
ಎರಡು ಮೂರು ದಿನ ಬಿಟ್ಟೆಯೋ, ಬಾಗಿಲು ಮತ್ತೆ ಬಿಗಿ."
ಅದಕ್ಕೇ ಆಷಾಢದ ಜಡಿಯಲ್ಲಿ ಗೋದಾಮಿನೊಳಗೇ ನಡೆದೆ,
ಅಟ್ಟಿಗಳ ನಡುವೆ, ಗಡಿಯಾರ ನೋಡಿ ನಲವತ್ತು ನಿಮಿಷ.
ತಿಪ್ಪೇಶಿ ಬೀಡಿ ಹಚ್ಚುವುದನ್ನೇ ಮರೆತು ನೋಡಿದ.

ನಾಲ್ಕು ತಿಂಗಳಾಯಿತು. ಯಾರೂ ಇಲ್ಲದ ಒಂದು ಮಧ್ಯಾಹ್ನ
ಚೀಲ ತೂಗುವ ಕಾಟಾದ ಮೇಲೆ ನಿಂತೆ.
ಎಂಬತ್ತೊಂದು. ಚಪ್ಪಲಿ ಬಿಟ್ಟು ನಿಂತೆ. ಎಂಬತ್ತೊಂದೇ.
ಶುರುವಿನಲ್ಲೂ ಅಷ್ಟೇ ಇತ್ತು.
ಕಾಟಾ ಸುಳ್ಳು ಹೇಳದು ಎಂದು
ಅರ್ಧ ಜಿಲ್ಲೆಯ ಮುಂದೆ ವಾದಿಸಿದ ಬಾಯಿ ಇದು,
ಒಂದು ಕ್ಷಣ ಒಣಗಿತು.

ಮಾರನೇ ದಿನ ಚೀಟಿ: ಏಳು ಪಾಯಿಂಟ್ ನಾಲ್ಕು.
ಮಾತ್ರೆ ಅವೇ, ಒಂದೂ ಹೆಚ್ಚಿಲ್ಲ, ಬಿಟ್ಟೂ ಇಲ್ಲ.
ಮನೆಗೆ ಬಂದು ಲಂಗ ಬಿಗಿದರೆ
ಲಾಡಿಯ ತುದಿ ಎರಡು ಬೆರಳು ಉದ್ದ ಜೋತಿತ್ತು.

ಆ ಸಂಜೆ ದಾಸ್ತಾನು ಪುಸ್ತಕದ ಕೊನೇ ಹಾಳೆಯಲ್ಲಿ,
ಮೇಲಧಿಕಾರಿ ಎಂದೂ ತೆರೆಯದ ಕಡೆ, ಬರೆದಿಟ್ಟೆ:
ಚೀಲ, ಯಥಾಸ್ಥಿತಿ.
ತೂಕ, ಯಥಾಸ್ಥಿತಿ.
ಷರಾ: ಓಣಿ ಬಿಟ್ಟಿದೆ. ಒಳಗೆ ಗಾಳಿ ಆಡುತ್ತಿದೆ.