ದೇಚಿಯ ಅವಸರ

ನಮ್ಮ ಬಾಣೆ ಏಳು ತುಂಡು.
ಬೇಲಿ ಇರುವುದು ಮೂರಕ್ಕೆ ಮಾತ್ರ.
ಉಳಿದವಕ್ಕೆ ಒಂದು ತೋಡು, ಒಂಟಿ ನೇರಳೆ,
ಕುದುರೆ ಮಲಗಿದಂಥ ಬಂಡೆ,
ಮತ್ತೆ ಮೈದುನ ಪಳಂಗಪ್ಪನ ಗಂಟಲು.

ಸೂರ್ಲಬ್ಬಿಗೆ ನಾನು ಮದುವೆಯಾಗಿ ಬಂದ ತಿಂಗಳೇ
ಮಾವ ಕರೆದು ಹುಲ್ಲಿನ ಮುಂದೆ ಕೂರಿಸಿದರು.
ಮುಷ್ಟಿ ಕಟ್ಟಿ ನೆಲಕ್ಕೂರು,
ಅದರ ಮೇಲೆ ಇನ್ನೊಂದು ಮುಷ್ಟಿ.
ಅಷ್ಟು ಬೆಳೆದಿದ್ದರೆ ಒಳಗೆ ಬಿಡು.
ಒಂದು ಮುಷ್ಟಿಗೆ ಇಳಿಯಿತೋ, ಹೊರಡಿಸು,
ದನ ಒಲ್ಲೆ ಅಂದರೂ ಹೊರಡಿಸು.
ದನಕ್ಕೆ ನಾಳೆ ಅನ್ನುವುದು ಗೊತ್ತಿಲ್ಲ.

ಹೂಂ ಅಂದೆ.
ಹಿಂದಕ್ಕೆ ನೆರಿಗೆ ಹಿಡಿದ ಹೊಸ ಸೀರೆಗೆ
ಹುಲ್ಲಿನ ಮುಳ್ಳುಬೀಜ ಸಾಲಾಗಿ ಅಂಟಿದ್ದವು.
ಒಂದೊಂದೇ ಕೀಳುತ್ತಿದ್ದೆ.
ಗಮನವೆಲ್ಲ ಅಲ್ಲೇ.

ಇಪ್ಪತ್ತಮೂರು ದನ, ಎಲ್ಲ ಗಿಡ್ಡ ತಳಿ.
ಚುಕ್ಕಿ, ಕೆಂದಿ, ಸಿಡುಕಿ.
ಒಂದು ಹೋರಿಗೆ ತಹಶೀಲ್ದಾರ ಅಂತ ಹೆಸರು,
ದಿನಾ ಬೆಳಿಗ್ಗೆ ಗಡಿಯೆಲ್ಲ ಮೂಸಿ ಬರುತ್ತಾನೆ,
ಯಾರ ಕಡತವನ್ನೂ ಮುಗಿಸುವುದಿಲ್ಲ.

ಪುತ್ತರಿ ಕಳೆದು ತಿಂಗಳೆರಡಾದರೆ
ಆಚೆ ಗುಡ್ಡದವರು ಬೆಂಕಿ ಕೊಡುತ್ತಾರೆ.
ರಾತ್ರಿ ಕೆಂಪು ಗೆರೆಯೊಂದು ಹತ್ತುತ್ತದೆ, ಚೆಂದವೇ.
ಹದಿನೈದು ದಿನಕ್ಕೆ ಕರಿಯ ಮೇಲೆ ಎಳೆಹಸಿರು.
ನಮ್ಮದು ಮಾತ್ರ ಒಣಗಿ, ಕಂದಾಗಿ, ತೂಗಾಡುತ್ತ,
ನೆಂಟರೆದುರು ನಾಚಿಕೆಯಾಗುವಷ್ಟು ಮುದಿಯಾಗಿ ನಿಂತಿರುತ್ತದೆ.

ಆ ವರ್ಷ ಹೂಮಳೆ ತಡವಾಯಿತು.
ಮಾವ ಕಣ್ಣಿನ ಆಪರೇಶನ್ನಿಗೆ ಮಡಿಕೇರಿಯಲ್ಲಿದ್ದರು,
ಪಳಂಗಪ್ಪ ಯಾರದೋ ಮದುವೆಗೆ ಹೋದವನು
ಇಸ್ಪೀಟಿನಲ್ಲಿ ಉಳಿದಿದ್ದ.
ಆಗಷ್ಟೇ ಈದ ಚುಕ್ಕಿಯ ಪಕ್ಕೆಲುಬು ಎಣಿಸಬಹುದಿತ್ತು.
ಏಳನೆಯ ತುಂಡು ಮಾತ್ರ ತೆನೆ ಬಿಚ್ಚುತ್ತ
ಎರಡು ಸುತ್ತಿನಿಂದ ವಿಶ್ರಾಂತಿಯಲ್ಲಿತ್ತು.
ತಡಮೆಯ ಬಿದಿರು ಮೂರು.
ಮೂರನ್ನೂ ನಾನೇ ಎಳೆದೆ.

ಇಪ್ಪತ್ತಮೂರು ಬಾಯಿ ಒಟ್ಟಿಗೆ ಹುಲ್ಲು ಹರಿಯುವ ಸದ್ದು!
ಬಂಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದೆ.
ಅಷ್ಟು ಸುಖದ ಸದ್ದು
ಆ ಮನೆಗೆ ಬಂದ ಮೇಲೆ ಕೇಳಿರಲಿಲ್ಲ.
ಒಂದು ದಿನ ಅಂದುಕೊಂಡದ್ದು ಒಂಬತ್ತಾಯಿತು.

ಕಪ್ಪು ಕನ್ನಡಕದಲ್ಲೇ ಮಾವ ನೇರ ಅಲ್ಲಿಗೆ ನಡೆದರು.
ಕೂತು ಮುಷ್ಟಿ ಊರಿದರು. ತೆಗೆದರು.
ಹೆಬ್ಬೆರಳು ಇಟ್ಟರು. ತೆಗೆದರು.
ಉಗುರು, ಅಂದರು,
ಮತ್ತೆ ಎದ್ದು ಕಾಫಿ ಕೇಳಿದರು.

ಮಳೆಗೆ ಆ ತುಂಡಿನ ಮಣ್ಣು ತೋಡಿಗಿಳಿಯಿತು,
ನೀರು ಚಹಾದ ಬಣ್ಣ.
ಹುಲ್ಲಿದ್ದಲ್ಲಿ ಲಂಟಾನ ಬಂತು.
ನಾಲ್ಕು ವರ್ಷ ಬುಡಸಹಿತ ಕಿತ್ತೆ,
ಅಂಗೈ ನಾರುತ್ತಿತ್ತು, ಊಟದ ಹೊತ್ತಿಗೂ.
ಪಳಂಗಪ್ಪ ಫೋನಿನಲ್ಲಿ ಹೇಳುತ್ತಾನೆ:
“ಕೆಂದಿ ಸಿಕ್ಕಿತು, ದೇಚಿಯ ಅವಸರದ ಮೇಲ್ಗಡೆ.”
ಹಾಲಿನ ಜೀಪಿನವನೂ ಹಾಗೇ ಅನ್ನುತ್ತಾನೆ.
ಅವನಿಗೆ ದೇಚಿ ಯಾರೆಂದು ಗೊತ್ತಿಲ್ಲ,
ಯಾವುದೋ ಕಾಲದ ಹೆಂಗಸು ಅಂದುಕೊಂಡಿದ್ದಾನೆ.
ಹಾಲು ಅಳೆದು ಕೊಡುವವಳು ನಾನೇ.

ಈ ಸಲ ಅಲ್ಲಿ ಕರಡ ಬಂದಿದೆ,
ನಡುವೆ ಹೆಸರು ಗೊತ್ತಿಲ್ಲದ ನೀಲಿ ಹೂ.
ಮಗಳು ಮುದ್ದವ್ವ ಬಗ್ಗಿ ಅಳೆದಳು,
ಅವಳದು ಪುಟ್ಟ ಮುಷ್ಟಿ:
“ಮೂರಾಯಿತಮ್ಮ, ಬಿಡೋಣವಾ?”
ನಾನು ಅಳೆದೆ. ಎರಡಕ್ಕೆ ಒಂದು ಬೆರಳು ಕಡಿಮೆ.

ತಡಮೆಯಾಚೆ ತಹಶೀಲ್ದಾರ ಬಂದು ನಿಂತಿದ್ದ.
ನಾಳೆ, ಅಂದೆ ಅವನಿಗೆ,
ನಾಳೆ ಇಲ್ಲ ನಾಡಿದ್ದು.
ಕೊಂಬಿನಿಂದ ಬಿದಿರನ್ನು ತಟ್ಟಿದ.