ಸೊನ್ನಿ ರೂಪಾಯಿ ಬಿಲ್ಲು

ತಿಂಗಳಾ ಐದನೇ ತಾರೀಖಿಗೆ
ಬಾಗಲಕೋಟಿ ನವನಗರದ ನಮ್ಮ ಆಫೀಸಿನಾಗ ಕುಂತು
ನಾನು ಬಿಲ್ಲು ಹರೀತೀನಿ.
ಸಕ್ಕರಿ ಫ್ಯಾಕ್ಟರಿಗೊಂದು, ಮದುವಿ ಮಂಟಪಕ್ಕೊಂದು,
ಕಣ್ಣಿನ ದವಾಖಾನಿಗೊಂದು,
ಬಾಕಿ ಉಳಿಸ್ಕೊಂಡ ಸಿಮೆಂಟ್ ವ್ಯಾಪಾರಿಗೆ ಕೆಂಪಕ್ಷರದಾಗೊಂದು.
ಯಾರ್ಯಾರ ಅಂಗಡಿ, ಯಾರ್ಯಾರ ಫೋಟೋ, ಯಾರ್ಯಾರ ಲೆಕ್ಕ
ಕೆಳಗಿನ ತಣ್ಣನ ಖೋಲ್ಯಾಗ ಸಾಲಾಗಿ ನಿಂತಾವ.
ಜಾಗದ ಬಾಡಿಗಿ ತಗೊಳ್ಳೋ ಮಂದಿ ನಾವು.
ಈ ಮುಳುಗಡಿ ಊರಾಗ ಜಾಗ ಅಂದ್ರ ಏನಂತ
ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಡೀಕ ಒಂದು ಬಿಲ್ಲು ಉಳೀತೈತಿ.
ಹೆಸರು: ಕೊಂಡಿ.
ಮೊತ್ತ: ಸೊನ್ನಿ.

ಕೊಂಡಿ ಅಂದ್ರ ಏನಂತ ಮೊದಲು ನನಗ ತಿಳೀಲಿಲ್ಲ.
ಇಳಕಲ್ಲಿನವ್ರಿಗೆ ಕೇಳಿದ್ರ ನಗ್ತಾರ:
ಸೀರಿ ಮೈಯಿನ ಹಾಸಿಗೆ ಸೆರಗಿನ ಹಾಸು
ಎಳಿಗೆ ಎಳಿ ಸಿಗಿಸಿ ಕೂಡಿಸೋದು ಕೊಂಡಿ.
ನಮ್ಮ ದಾನಮ್ಮಗ ಕೇಳಿದ್ರ ಬ್ಯಾರೇನ ಉತ್ತರ:
ಒತ್ತಿದ್ರ ಇನ್ನೊಂದು ಕಡೆ ಕರಕೊಂಡು ಹೋಗೋ ನೀಲಿ ಅಕ್ಷರ.
ಹೆಸರಿಟ್ಟಾಂವ ಎರಡೂ ಬಲ್ಲಾಂವ.

ಅದೊಂದು ತಂತ್ರಾಂಶ.
ಗೋಮಿ, ಪರಾಸಪೇಟಿ, ಗಾಡಿ, ಚಿಕ್ಕಿಪರಾಸ,
ದಡಿಯ ಚಿತ್ತಾರ ಅಷ್ಟೂ ಚೌಕ ಚೌಕ ಮಾಡಿ
ಯಾವ ಎಳಿ ಎತ್ತಬೇಕು, ಯಾವುದು ಬಿಡಬೇಕು ಹೇಳ್ತೈತಿ.
ಮಾಡಿದವ್ರು ಏಳು ಮಂದಿ.
ಒಬ್ಬಾಕಿ ಗುಳೇದಗುಡ್ಡದಾಗ ಖಣದ ಮಗ್ಗದ ಮುಂದ,
ಒಬ್ಬ ಅಮೀನಗಡದ ಗಣಿತದ ಮಾಸ್ತರ,
ಒಬ್ಬ ಪೋಲೆಂಡಿನಾಂವ ಅಂತ, ಇಳಕಲ್ ಸೀರಿ ಕಣ್ಣಿಲೆ ಕಂಡಿಲ್ಲ,
ಉಳಿದವರ ಮುಖ ಯಾರಿಗೂ ಗೊತ್ತಿಲ್ಲ.
ಪಗಾರ ಕೊಡವ್ರಿಲ್ಲ, ತಗೊಳ್ಳವ್ರಿಲ್ಲ.
ಒಬ್ಬ ಬರದದ್ದು ಇನ್ನೊಬ್ಬಾಕಿ ಬಿಚ್ಚಿ ನೋಡ್ತಾಳ,
ತಿದ್ದಿ ಮತ್ತ ಅಲ್ಲೇ ಇಡ್ತಾಳ.
ಆ ಮನಿ ಬಾಗಲಕ್ಕ ಚಿಲಕಿಲ್ಲ.

ಮಾರ್ಚಿನಾಗ ಆಡಿಟರ್ ಗಲಗಲಿಯವರು ಕನ್ನಡಕ ಜಾರಿಸಿ ಕೇಳಿದ್ರು:
"ಇದೊಂದು ಯಂತ್ರ ಪುಕ್ಕಟೆ ಓಡಾಕತ್ತೈತಿ.
ಧರ್ಮಕ್ಕ ಬರಕೊಳ್ಳಲೇನು, ಜಾಹೀರಾತಿಗೇನು?"
ಬಂದೇನವಾಜ್ ಸಾಹೇಬ್ರು ಚಾ ಬಸಿಗೆ ಸುರುವಿಕೊಂಡ್ರು.
"ಕೆಳಗ ಇಪ್ಪತ್ತಾರು ಯಂತ್ರ ಅದಾವ, ಗಲಗಲಿಯವರ.
ಅವಕ್ಕ ಉಸಿರಾಡಾಕ ಕಲಿಸಿದ ತಂತ್ರಾಂಶ ಯಾರು ಬರದ್ರೋ.
ಅಂಗಡಿ ತಗದು ಹದಿನಾಲ್ಕು ವರ್ಷ ಆತು,
ಅವರ ಬಿಲ್ಲು ಇನ್ನೂ ಬಂದಿಲ್ಲ.
ಬಂದ ದಿನ ಇದನ್ನ ಅದರಾಗ ಮುರಕೊಳ್ಳೋಣು."
ಆಡಿಟರ್ ಏನೋ ಬರಕೊಂಡ್ರು.
ಯಾವ ಕಾಲಮ್ಮಿನಾಗಂತ ನಾ ನೋಡಲಿಲ್ಲ.

ನನ್ನ ತಕರಾರು ಬ್ಯಾರೇ ಇತ್ತು.
ಬಿಲ್ಲಿನ ಪ್ರೋಗ್ರಾಮು ಸೊನ್ನಿ ಒಪ್ಪತಿರಲಿಲ್ಲ,
"ಮೊತ್ತ ಸರಿಯಿಲ್ಲ" ಅಂತ ಕೆಂಪಗಾಗಿ ನಿಲ್ಲೂದು.
ಒಂದು ರೂಪಾಯಿ ಹಾಕಿ, ಒಂದು ರೂಪಾಯಿ ರಿಯಾಯಿತಿ ಕೊಟ್ಟು
ಐದು ವರ್ಷ ಕಳ್ಳಲೆಕ್ಕ ಬರದೆ.
ಒಂದಿನ ಬ್ಯಾಸತ್ತು ಬಿಲ್ಲಿನ ಅಡಿಗೆ ಹಾಕಿದೆ:
"ನಿಮ್ಮ ಸಲುವಾಗಿ ನಾನು ಸುಳ್ಳು ಬರಿಯಾಕತ್ತೀನಿ."
ಎಂಟು ದಿನಕ್ಕ ಅಮೀನಗಡದ ಮಾಸ್ತರ್ರ ಉತ್ತರ:
ಆ ಪ್ರೋಗ್ರಾಮೂ ನಮ್ಮಂಥವ್ರು ಬರದು ಬಿಟ್ಟದ್ದು, ಬಾಯಾರ.
ಮೂರು ಸಾಲು ತಿದ್ದೀನಿ, ಅದನ್ನ ನೋಡಿಕೊಳ್ಳವ್ರು ಒಪ್ಪ್ಯಾರ,
ಇನ್ನ ಸೊನ್ನಿಗೆ ಸೊನ್ನಿ ಅಂತನ ಬರೀರಿ.
ಆವತ್ತು ಪ್ರಿಂಟರಿನಿಂದ ಹೊರಬಿದ್ದ ಹಾಳಿ ಬೆಚ್ಚಗಿತ್ತು.
ಎರಡು ಸಲ ಓದಿದೆ, ಓದಾಕ ಏನೂ ಇರಲಿಲ್ಲ.

ಮೇ ತಿಂಗಳದಾಗ ಗದ್ದನಕೇರಿ ಕ್ರಾಸಿನ ಹತ್ರ ಕಂಬ ಬಿದ್ದು
ಹನ್ನೊಂದು ತಾಸು ಕರೆಂಟಿಲ್ಲ. ಡೀಸೆಲ್ಲು ತಳ ಕಂಡಿತ್ತು.
ಏನರ ಆರಿಸಬೇಕು.
ರೊಕ್ಕ ಕೊಡದ್ದು ಮೊದಲು, ಅಂದೆ ನಾನು.
ಲೆಕ್ಕ ಹಂಗ ಹೇಳ್ತೈತಿ.
ದಾನಮ್ಮ ಮಾತಾಡಲಿಲ್ಲ, ಪರದೆ ನನ್ನ ಕಡೆ ತಿರುಗಿಸಿದ್ಲು:
ರಾತ್ರಿ ಎರಡು. ಮದುವಿ ಮಂಟಪದಾಗ ಯಾರೂ ಇಲ್ಲ.
ಕೊಂಡಿಯೊಳಗ ನಲವತ್ತಮೂರು ಮಂದಿ.
ನಮ್ಮ ದೀಪ, ನಮ್ಮ ಫ್ಯಾನು, ನನ್ನ ಕಂಪ್ಯೂಟರು
ನಾನೇ ಎದ್ದು ಆರಿಸಿದೆ.

ಹ್ವಾದ ವಾರ ಇಳಕಲ್ಲಿಂದ ನೇಕಾರ ಪರುತಪ್ಪ ಬಂದಿದ್ದ,
ಬೆರಳ ತುದಿ ಇನ್ನೂ ಕೆಂಪು ಬಣ್ಣದಾಗ.
ಯಂತ್ರ ನೋಡಬೇಕಂದ.
ಇಪ್ಪತ್ತಾರರಾಗ ಇಂಥದ್ದು ಅಂತ ದಾನಮ್ಮ ತೋರಿಸಿದ್ಲು.
ಹಾಸಿನ ಬಿಗಿ ನೋಡವ್ರಂಗ
ಅದರ ಬೆನ್ನಿಗೆ ಅಂಗೈ ಇಟ್ಟು ತುಸು ಹೊತ್ತು ನಿಂತ.

"ಬಿಸಿ ಐತಲ್ಲ."

"ಹೂಂ," ಅಂದ್ಲು ಆಕಿ, "ಯಾರೋ ನೇಯಾಕತ್ತಾರ."